ತೆಗೆದುಕೊಂಡದ್ದನ್ನು ಹಿಂದಿರುಗಿಸುವ ಬಗೆ: ‘ಕದಿಯಬಾರದು’, ‘ಸುಳ್ಳುಸಾಕ್ಷಿ ಹೇಳಬಾರದು’ ಎಂಬ ಕಟ್ಟಳೆಗಳು ದಿನದ ಬದುಕಿನಲ್ಲಿ

ಈ ಎರಡೂ ಬೈಬಲಿನ ಹತ್ತು ಕಟ್ಟಳೆಗಳಲ್ಲಿ ಸೇರಿವೆ. ಮೊದಲು ಅವುಗಳ ಅಂಕಿಯ ಗೊಂದಲ ಬಿಡಿಸಿಕೊಳ್ಳೋಣ. ಕಥೋಲಿಕ ಧರ್ಮೋಪದೇಶ ತರಗತಿಗೆ ಹೋಗುವ ಮಗು ‘ಕದಿಯಬಾರದು’ ಎಂಬುದು ಏಳನೆಯ ಕಟ್ಟಳೆ, ‘ಸುಳ್ಳುಸಾಕ್ಷಿ ಹೇಳಬಾರದು’ ಎಂಬುದು ಎಂಟನೆಯದು ಎನ್ನುತ್ತದೆ. ಮೆಥೋಡಿಸ್ಟ್ ಸಭೆಯ, ಅಂದರೆ ಚರ್ಚಿನ, ಭಾನುವಾರ ಶಾಲೆಗೆ ಹೋಗುವ ಮಗು ಎಂಟು, ಒಂಬತ್ತು ಎನ್ನುತ್ತದೆ. ಇಬ್ಬರದೂ ಸರಿ. ವಿಗ್ರಹಗಳ ಕುರಿತ ಮಾತನ್ನು ಕಥೋಲಿಕರು ಮತ್ತು ಲೂಥರನ್ನರು ಮೊದಲ ಕಟ್ಟಳೆಯೊಳಗೇ ಸೇರಿಸುತ್ತಾರೆ, ಉಳಿದವರು ಬೇರೆಯಾಗಿ ಎಣಿಸುತ್ತಾರೆ. ಅಲ್ಲಿಂದ ಮುಂದೆ ಎಣಿಕೆ ಒಂದರಷ್ಟು ಜರುಗುತ್ತದೆ. ವಚನಗಳು ಮಾತ್ರ ಎಲ್ಲರಿಗೂ ಒಂದೇ, ಬೈಬಲಿನ ವಿಮೋಚನಕಾಂಡ ಎಂಬ ಪುಸ್ತಕದ 20ನೆಯ ಅಧ್ಯಾಯದ 15 ಮತ್ತು 16.

ಈ ಎರಡನ್ನೂ ಒಟ್ಟಿಗೆ ಹಿಡಿಯುವುದಕ್ಕೆ ಕಾರಣವಿದೆ. ಕಳ್ಳತನದಲ್ಲಿ ನೆರೆಯವನ ವಸ್ತು ನಮ್ಮ ಕೈಗೆ ಬರುತ್ತದೆ. ಸುಳ್ಳುಸಾಕ್ಷಿಯಲ್ಲಿ ಅವನ ಹೆಸರು, ಅವನ ಮೇಲಿನ ನಂಬಿಕೆ ನಮ್ಮಿಂದ ಕಳೆದುಹೋಗುತ್ತದೆ. ಎರಡರಲ್ಲೂ ನಾವು ಸಾಲಗಾರರು. ದೇವರ ಮುಂದೆ ಪಶ್ಚಾತ್ತಾಪಪಟ್ಟ ಮಾತ್ರಕ್ಕೆ ಆ ಸಾಲ ತೀರುವುದಿಲ್ಲ, ನೆರೆಯವನ ಕೈಗೆ ಅದು ಮುಟ್ಟಬೇಕು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥ ಇದನ್ನು ಎರಡು ಕಡೆ ಹೇಳುತ್ತದೆ: ಕದ್ದದ್ದನ್ನು ಹಿಂದಿರುಗಿಸುವ ಬಗ್ಗೆ 2412ನೆಯ ಪರಿಚ್ಛೇದದಲ್ಲಿ, ಸುಳ್ಳಿನಿಂದಾದ ಹಾನಿ ಸರಿಪಡಿಸುವ ಬಗ್ಗೆ 2487ರಲ್ಲಿ. ಅದಕ್ಕೂ ಬಹಳ ಹಿಂದೆ, 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಎಂಬ ಪ್ರೊಟೆಸ್ಟಂಟರ ಧರ್ಮಬೋಧೆಯ ಪುಸ್ತಕವು ದರೋಡೆಯ ಜೊತೆಯಲ್ಲೇ ಸುಳ್ಳು ತೂಕ, ಸುಳ್ಳು ಅಳತೆಗಳನ್ನೂ ಕಳ್ಳತನವೆಂದು ಹೆಸರಿಸಿತ್ತು. ಪಂಗಡಗಳು ಬೇರೆ ಬೇರೆಯಾದರೂ ಈ ವಿಷಯದಲ್ಲಿ ಅವುಗಳ ನಡುವೆ ತಕರಾರಿಲ್ಲ.

ಮೊದಲ ಹೆಜ್ಜೆ: ಹೆಸರು ಹಿಡಿದು ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಂಡು ನಾಲ್ಕು ಕಾಲಂ ಹಾಕಿ: ಯಾರದು, ಏನು, ಎಷ್ಟು, ಹೇಗೆ ಮುಟ್ಟಿಸುವುದು. ಐದು ವರ್ಷ ಹಿಂದಕ್ಕೆ ಹೋದರೆ ಆರಂಭಕ್ಕೆ ಸಾಕು. ಅದಕ್ಕಿಂತ ಹಳೆಯದು ತಾನಾಗಿ ನೆನಪಿಗೆ ಬಂದರೆ ಅದನ್ನೂ ಸೇರಿಸಿ.

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ‘ನಾನು ಅಪ್ರಾಮಾಣಿಕನಾಗಿದ್ದೆ’ ಎಂದು ಒಂದೇ ಸಾಲು ಬರೆದು ಪುಸ್ತಕ ಮುಚ್ಚುತ್ತಾರೆ. ಆ ಸಾಲಿನಿಂದ ಯಾರಿಗೂ ಒಂದು ರೂಪಾಯಿ ವಾಪಸಾಗುವುದಿಲ್ಲ. ‘ಕೆಳಮನೆಯವರ ಡ್ರಿಲ್ಲಿಂಗ್ ಮಿಷನ್, ಎರಡು ವರ್ಷದಿಂದ ನಮ್ಮ ಅಟ್ಟದ ಮೇಲಿದೆ’ ಎಂದು ಬರೆದರೆ ಮಾಡಬೇಕಾದದ್ದು ಎದುರಿಗೇ ನಿಲ್ಲುತ್ತದೆ.

ನೆನಪು ಕೆದಕಲು ಜಾಗದಿಂದ ಜಾಗಕ್ಕೆ ಹೋಗಿ. ಮನೆಯಲ್ಲಿ: ಎರವಲು ತಂದ ಪುಸ್ತಕ, ಪಾತ್ರೆ, ಹಣ, ಅಣ್ಣತಮ್ಮಂದಿರ ಪಾಲಿನ ಆಸ್ತಿಯಲ್ಲಿ ಮುಚ್ಚಿಟ್ಟ ಲೆಕ್ಕ, ಬಾಡಿಗೆದಾರ ಬಿಟ್ಟುಹೋದಾಗ ‘ಪೇಂಟಿಂಗ್ ಖರ್ಚು’ ಎಂದು ಇದ್ದುದಕ್ಕಿಂತ ಹೆಚ್ಚು ಹಿಡಿದ ಅಡ್ವಾನ್ಸ್. ಕೆಲಸದ ಜಾಗದಲ್ಲಿ: ಹೋಗದ ಊರಿನ ಪ್ರಯಾಣ ಭತ್ಯೆ, ಹೆಚ್ಚಿಸಿ ಬರೆಸಿದ ಆಟೊ ಬಿಲ್ಲು, ಸಹೋದ್ಯೋಗಿಯಿಂದ ಹಾಕಿಸಿದ ಹಾಜರಿ. ಅಂಗಡಿಯಲ್ಲಿ: ತೂಕ, ಕಲಬೆರಕೆ, ತಪ್ಪಾಗಿ ಹೆಚ್ಚು ಬಂದರೂ ಸುಮ್ಮನಿದ್ದು ಇಟ್ಟುಕೊಂಡ ಚಿಲ್ಲರೆ. ಫೋನಿನಲ್ಲಿ: ಯಾರೋ ನಂಬರ್ ತಪ್ಪಿ ಕಳುಹಿಸಿದ ಯುಪಿಐ ಹಣ. ಬಿದ್ದು ಸಿಕ್ಕಿದ್ದೂ ಪಟ್ಟಿಗೆ ಬರಬೇಕು. ಕಳೆದುಹೋದ ಎತ್ತು, ಕುರಿ, ಬಟ್ಟೆ ಕಣ್ಣಿಗೆ ಬಿದ್ದರೆ ಕಾಣದವರಂತೆ ಹೋಗದೆ ಒಡೆಯನಿಗೆ ಮುಟ್ಟಿಸಬೇಕೆಂದು ಧರ್ಮೋಪದೇಶಕಾಂಡ 22:1-3 ಹೇಳುತ್ತದೆ.

ಕೂಲಿಯ ಸಾಲಿಗೆ ಒಂದು ಪುಟ ಬೇರೆ ಇಡಿ

ಇದೇ ಪಟ್ಟಿಯ ಅತಿ ಭಾರದ ಭಾಗವೆಂಬುದು ನಮ್ಮ ಅಭಿಪ್ರಾಯ. ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಹತ್ತಿರ ಉಳಿಯಬಾರದು ಎನ್ನುತ್ತದೆ ಯಾಜಕಕಾಂಡ 19:13. ಹೊತ್ತು ಮುಳುಗುವ ಮೊದಲೇ ಕೊಡಬೇಕು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ ಎನ್ನುತ್ತದೆ ಧರ್ಮೋಪದೇಶಕಾಂಡ 24:15. ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ ಎನ್ನುತ್ತಾನೆ ತನ್ನ ಪತ್ರದಲ್ಲಿ ಯಾಕೋಬ (5:4). ಹಣ ಕಡೆಗೊಮ್ಮೆ ಕೈಸೇರಿದರೂ ತಡಮಾಡಿದ್ದೇ ತಪ್ಪು ಎಂಬುದನ್ನು ಗಮನಿಸಿ.

ಕಾಫಿ ಕೊಯ್ಲಿನ ಉದಾಹರಣೆ ನೋಡಿ. ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಹಣ್ಣು ಕೊಯ್ದವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವುದುಂಟು. ಸಂಜೆ ಚೀಲ ತೂಗಿ, ಚೀಲದ ತೂಕ ಕಳೆದು ಬರೆದುಕೊಳ್ಳುತ್ತಾರೆ. ಖಾಲಿ ಚೀಲ 700 ಗ್ರಾಂ ಇದ್ದು, ‘ಲೆಕ್ಕಕ್ಕೆ ಸುಲಭ’ ಎಂದು 2 ಕಿಲೋ ಕಳೆದರೆ ಚೀಲವೊಂದಕ್ಕೆ 1.3 ಕಿಲೋ ಕೊಯ್ದವರ ಕೈಬಿಡುತ್ತದೆ. ದಿನಕ್ಕೆ ಎರಡು ಚೀಲ, 60 ದಿನದ ಕೊಯ್ಲು ಎಂದುಕೊಳ್ಳಿ: 156 ಕಿಲೋ. ಕಿಲೋಗೆ 5 ರೂಪಾಯಿಯಾದರೆ ಒಬ್ಬ ಆಳಿಗೆ 780 ರೂಪಾಯಿ ಕಡಿಮೆ ಬಂದಿದೆ. ತೋಟದಲ್ಲಿ 20 ಜನರಿದ್ದರೆ 15,600. ಯಾರೂ ಏನನ್ನೂ ಕದ್ದಂತೆ ಕಾಣುವುದಿಲ್ಲ. ಪರಿಹಾರವೇನೂ ಕಷ್ಟದ್ದಲ್ಲ. ಖಾಲಿ ಚೀಲವನ್ನು ಆಳುಗಳ ಎದುರಿಗೇ ತೂಗಿ, ಅಷ್ಟನ್ನೇ ಕಳೆಯಿರಿ. ಚೀಲ ಒದ್ದೆಯಾದರೆ ಮತ್ತೆ ತೂಗಿ, ಏಕೆಂದರೆ ಒದ್ದೆ ಚೀಲ ನಿಜಕ್ಕೂ ಭಾರ. ಅಲ್ಲಿ ನಿಮಗೂ ನಷ್ಟವಾಗಬಾರದು.

ಮನೆಗೆಲಸದವರ ವಿಷಯಕ್ಕೆ ಬಂದರೆ ಮೂರು ಪ್ರಶ್ನೆ. ಸಂಬಳ ಹೇಳಿದ ತಾರೀಕಿಗೇ ಹೋಗುತ್ತಿದೆಯೇ? ಒಡೆದ ಲೋಟಕ್ಕೆ, ಹಬ್ಬದ ರಜೆಗೆ ಹಿಡಿದದ್ದು ಮೊದಲೇ ಮಾತಾಗಿತ್ತೇ? ‘ಹೇಳದೆ ಬಿಟ್ಟುಹೋಗದಿರಲಿ’ ಎಂದು ಒಂದು ತಿಂಗಳದ್ದು ಹಿಂದೆ ಉಳಿಸಿಕೊಂಡಿದ್ದೀರಾ? ಈ ಕೊನೆಯದು ಬಹಳ ಮನೆಗಳ ರೂಢಿ. ರೂಢಿಯಾದರೂ ಅದು ದುಡಿದವರ ಹಣ, ಈ ವಾರವೇ ಕೊಟ್ಟುಬಿಡಿ.

ಎರಡನೆಯ ಹೆಜ್ಜೆ: ಅಸಲಿನ ಮೇಲೆ ಐದರಲ್ಲೊಂದು

ಎಷ್ಟು ಕೊಡಬೇಕು? ಮೋಶೆಯ ಧರ್ಮಶಾಸ್ತ್ರದಲ್ಲಿ ದರಗಳು ಬೇರೆ ಬೇರೆ. ಕದ್ದ ಎತ್ತನ್ನು ಕೊಂದಿದ್ದರೆ ಅಥವಾ ಮಾರಿದ್ದರೆ ಐದರಷ್ಟು, ಕುರಿಗಾದರೆ ನಾಲ್ಕರಷ್ಟು (ವಿಮೋಚನಕಾಂಡ 22:1). ಪ್ರಾಣಿ ಜೀವಂತವಾಗಿ ಕಳ್ಳನ ಕೈಯಲ್ಲೇ ಸಿಕ್ಕಿದರೆ ಎರಡರಷ್ಟು (22:4). ಆದರೆ ತಾನಾಗಿ ತಪ್ಪು ಅರಿತು ಬಂದವನಿಗೆ ಅಸಲು ಮತ್ತು ಅದರ ಐದರಲ್ಲೊಂದು ಪಾಲು (ಯಾಜಕಕಾಂಡ 6:1-5). ಸಿಕ್ಕಿಬಿದ್ದವನಿಗೆ ಹೆಚ್ಚು, ಸ್ವಂತ ಇಚ್ಛೆಯಿಂದ ಬಂದವನಿಗೆ ಕಡಿಮೆ. ಬರುವ ದಾರಿ ಮುಚ್ಚಬಾರದೆಂಬ ಕಾಳಜಿ ಈ ಲೆಕ್ಕದಲ್ಲೇ ಕಾಣುತ್ತದೆ. ಯೇಸುವಿನ ಕಾಲದ ಸುಂಕ ವಸೂಲಿಗಾರ ಜಕ್ಕಾಯ ತಾನಾಗಿ ಬಂದವನೇ, ಆದರೂ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8). ಅದು ಅವನ ಸಂತೋಷದ ಅಳತೆ.

ಇವು ಇಂದು ಸಭೆಗಳು ವಿಧಿಸುವ ದಂಡಗಳಲ್ಲ. ಆದರೂ ಅಸಲು ಮತ್ತು ಐದರಲ್ಲೊಂದು ಎಂಬುದು ಒಳ್ಳೆಯ ಅಳತೆಗೋಲು, ಏಕೆಂದರೆ ಹಣವಿಲ್ಲದೆ ಆ ಮನುಷ್ಯ ಕಳೆದ ದಿನಗಳಿಗೂ ಬೆಲೆಯಿದೆ. ಮೇಲಿನ 780ಕ್ಕೆ 156 ಸೇರಿಸಿದರೆ 936. ಬಡ್ಡಿ ಕಟ್ಟಿ ಸಾಲ ತಂದು ಸಂಸಾರ ನಡೆಸಿದವರಿಗಾದರೆ ಅವರು ತೆತ್ತ ಬಡ್ಡಿಯನ್ನೇ ಕೇಳಿ ಕೊಡುವುದು ಹೆಚ್ಚು ನ್ಯಾಯ.

ವ್ಯಾಪಾರಿಗಳಿಗೆ ಒಂದು ಮಾತು. ನಿಮ್ಮ ತಕ್ಕಡಿ ಕಿಲೋಗೆ 20 ಗ್ರಾಂ ಕಡಿಮೆ ತೂಗುತ್ತಿದ್ದು, ದಿನಕ್ಕೆ 50 ಕಿಲೋ ಮಾರಾಟವಾದರೆ ದಿನಕ್ಕೊಂದು ಕಿಲೋ, 300 ದಿನಕ್ಕೆ 300 ಕಿಲೋ. ಕಿಲೋಗೆ 60 ರೂಪಾಯಿಯಂತೆ 18,000. ಐದರಲ್ಲೊಂದು ಸೇರಿ 21,600. ನೂರಾರು ಗಿರಾಕಿಗಳನ್ನು ಹುಡುಕಿ ಹಂಚಲಾಗದು. ಅದೇ ಬೀದಿಯ ಬಡವರಿಗೆ ಅದು ಹೋಗಲಿ, ಮುಂದೆ ತೂಕ ನೆಟ್ಟಗಿರಲಿ. ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ, ತೂಕದ ಬಟ್ಟುಗಳಿಗೆ 24 ತಿಂಗಳಿಗೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಮುದ್ರೆಯಿದ್ದ ತಕ್ಕಡಿಯಲ್ಲೂ ಮೋಸ ನಡೆಯುವುದುಂಟು. ಡಬ್ಬಿಯ ತೂಕ ಕಳೆಯದೆ ಸಿಹಿತಿಂಡಿ ತೂಗುವುದು ಅಂಥದ್ದು. ಡಬ್ಬಿ ಇಟ್ಟು ಸೊನ್ನೆ ಮಾಡಿ, ಆಮೇಲೆ ತಿಂಡಿ ಹಾಕಿ. ಚೀಲದಲ್ಲಿ ದೊಡ್ಡದೊಂದು ಸಣ್ಣದೊಂದು ಎರಡು ಬಗೆಯ ಕಲ್ಲು ಇಟ್ಟುಕೊಳ್ಳಬಾರದೆಂಬ ಧರ್ಮೋಪದೇಶಕಾಂಡ 25:13ರ ಮಾತು ಇಂಥ ಕಡೆಗೇ ಬೆರಳು ತೋರಿಸುತ್ತದೆ.

ತೆರಿಗೆಗೂ ದಾರಿಯಿದೆ. ಸುಳ್ಳು ಬಾಡಿಗೆ ರಸೀದಿ ಕೊಟ್ಟು ಉಳಿಸಿದ ಆದಾಯ ತೆರಿಗೆಯನ್ನು ‘ಅಪ್‌ಡೇಟೆಡ್ ರಿಟರ್ನ್’ (ತಿದ್ದಿ ಸಲ್ಲಿಸುವ ತೆರಿಗೆ ಲೆಕ್ಕ) ಮೂಲಕ ಕಟ್ಟಬಹುದು. 2022ರಲ್ಲಿ ಬಂದ ಈ ಅವಕಾಶ ಮೊದಲು 2 ವರ್ಷಕ್ಕಿತ್ತು, 2025ರಲ್ಲಿ 4 ವರ್ಷಕ್ಕೆ ಹೆಚ್ಚಿತು. ಆಯಾ ಅಸೆಸ್‌ಮೆಂಟ್ ವರ್ಷ (ಗಳಿಸಿದ ವರ್ಷದ ಮರುವರ್ಷ) ಮುಗಿದ ಮೇಲೆ ಮೊದಲ ವರ್ಷದಲ್ಲಿ ಕಟ್ಟಿದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ 25, ಎರಡನೆಯದರಲ್ಲಿ ಶೇ 50, ಆಮೇಲೆ ಶೇ 60, ಶೇ 70 ಹೆಚ್ಚುವರಿ. ತಡಮಾಡಿದಷ್ಟೂ ಭಾರ ಏರುತ್ತದೆ, ಹಾಗಾಗಿ ಲೆಕ್ಕಪರಿಶೋಧಕರ ಬಳಿ ಬೇಗ ಹೋಗಿ.

ಮೂರನೆಯ ಹೆಜ್ಜೆ: ಯಾರಿಗೆ ಮೊದಲು, ಹೇಗೆ

ಪಟ್ಟಿಯಲ್ಲಿರುವ ಅತಿ ಬಡವರಿಗೆ ಮೊದಲು. ಆಮೇಲೆ ಉಳಿದ ವ್ಯಕ್ತಿಗಳು, ಕಂಪನಿ, ಸರ್ಕಾರ. ಒಡೆಯ ತೀರಿಕೊಂಡಿದ್ದರೆ ವಾರಸುದಾರರಿಗೆ. ಒಡೆಯ ಯಾರೆಂದೇ ತಿಳಿಯದಿದ್ದರೆ ಮಾತ್ರ ಬಡವರಿಗೆ.

ಒಂದು ತಪ್ಪು ಬಹಳ ನಡೆಯುತ್ತದೆ. ನೆರೆಯವನಿಗೆ ಸೇರಬೇಕಾದ ಹಣವನ್ನು ಕಾಣಿಕೆ ಪೆಟ್ಟಿಗೆಗೆ ಹಾಕಿ ಸಮಾಧಾನಪಟ್ಟುಕೊಳ್ಳುತ್ತಾರೆ. ಒಡೆಯ ಗೊತ್ತಿರುವಾಗ ಆ ಹಣದ ಮೇಲೆ ಚರ್ಚಿಗೆ ಹಕ್ಕಿಲ್ಲ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎಂದು ಯೇಸು ಹೇಳಿದ್ದು ಇದೇ ಕ್ರಮವನ್ನು (ಮತ್ತಾಯ 5:23-24).

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಬಾಕಿ ಕೂಲಿಯನ್ನು ‘ಕ್ರಿಸ್ಮಸ್ ಉಡುಗೊರೆ’ ಎಂದು ಕೊಡುವುದು. ಹಣವೇನೋ ಮುಟ್ಟಿತು. ಆದರೆ ಸಾಲಗಾರನಾಗಿದ್ದವನು ದಾನಿಯಾಗಿ ನಿಂತ, ಪಡೆದವರು ಕೈಮುಗಿದರು. ಒಂದು ಕಟ್ಟಳೆಯನ್ನು ಸರಿಪಡಿಸಹೋಗಿ ಇನ್ನೊಂದನ್ನು ಮುರಿದಂತಾಯಿತು. ಯಾವ ಬಾಕಿಯೆಂದು ಹೇಳಿಯೇ ಕೊಡಿ: “ಅಕ್ಕಾ, ಹೋದ ವರ್ಷ ನಿಮ್ಮ ರಜೆಯ ದಿನಗಳ ಸಂಬಳ ಹಿಡಿದಿದ್ದೆ. ಹಾಗೆ ಮಾಡಬಾರದಿತ್ತು. 1,800 ನಿಮ್ಮ ದುಡ್ಡು, 360 ತಡವಾಗಿದ್ದಕ್ಕೆ. ತಗೊಳ್ಳಿ.” ಇಷ್ಟೇ ಸಾಕು. ‘ಆಗ ನಮಗೂ ಕಷ್ಟವಿತ್ತು’ ಎಂಬ ವಿವರಣೆ ಸೇರಿಸಿದರೆ, ಪರವಾಗಿಲ್ಲಮ್ಮ ಎಂದು ಅವರೇ ನಿಮ್ಮನ್ನು ಸಂತೈಸಬೇಕಾಗುತ್ತದೆ. ಹಾಗೂ ಬೇಡವೆಂದರೆ ಒಮ್ಮೆ ಒತ್ತಾಯಿಸಿ. ಸಂಕೋಚದಿಂದ ಬೇಡವೆನ್ನುವುದು ನಮ್ಮಲ್ಲಿ ಸಹಜ, ಮೊದಲ ‘ಬೇಡ’ವನ್ನೇ ಹಿಡಿದುಕೊಳ್ಳಬೇಡಿ.

ಒಮ್ಮೆಲೇ ಕೊಡಲಾಗದಿದ್ದರೆ ಕಂತು ಮಾಡಿ, ತಾರೀಕು ಬರೆದುಕೊಡಿ. ಹೇಳಿದರೆ ಕೆಲಸವೇ ಹೋಗುತ್ತದೆ, ಪೊಲೀಸ್ ಕೇಸಾಗುತ್ತದೆ ಎಂಬ ಸಂದರ್ಭವಿದ್ದರೆ ವಕೀಲರನ್ನೂ ಸಭಾಪಾಲಕರನ್ನೂ ಕೇಳಿ ಹೆಜ್ಜೆಯಿಡಿ. ಹೆಸರು ಹೇಳದೆ ಹಣ ಮುಟ್ಟಿಸುವುದನ್ನು ಸಂಪ್ರದಾಯ ಒಪ್ಪುತ್ತದೆ. ಕಥೋಲಿಕರು ಪಾಪನಿವೇದನೆ ಕೇಳಿದ ಗುರುಗಳ ಮೂಲಕವೇ ತಲುಪಿಸಬಹುದು. ಆದರೆ ನಿಮ್ಮ ಕಳ್ಳತನಕ್ಕೆ ಬೇರೊಬ್ಬರ ಮೇಲೆ ಅನುಮಾನ ಬಿದ್ದಿದ್ದರೆ ಗುಟ್ಟಾಗಿ ಕೊಟ್ಟರೆ ಸಾಲದು. ಅವರ ಹೆಸರನ್ನೂ ನೀವೇ ಬಿಡಿಸಬೇಕು.

ನಾಲ್ಕನೆಯ ಹೆಜ್ಜೆ: ಮಾತಿನ ಸಾಲ

‘ಸುಳ್ಳುಸಾಕ್ಷಿ’ ಎಂಬುದು ಮೂಲದಲ್ಲಿ ನ್ಯಾಯಸ್ಥಾನದ ಮಾತು. ಇಬ್ಬರು ಸುಳ್ಳುಸಾಕ್ಷಿಗಳಿಂದ ನಾಬೋತ ಕಲ್ಲೇಟು ತಿಂದು ಸತ್ತ, ಅವನ ದ್ರಾಕ್ಷಿತೋಟ ಅರಸ ಅಹಾಬನ ಪಾಲಾಯಿತು (1 ಅರಸುಗಳು 21). ಸುಳ್ಳು, ಕೊಲೆ, ಕಳ್ಳತನ ಮೂರೂ ಒಂದೇ ಹಗ್ಗದ ಎಳೆಗಳಾದ ಕಥೆ ಅದು. ಇಂದು ನ್ಯಾಯಾಲಯಕ್ಕೆ ಹೋಗದವರೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವೂ ಸಾಕ್ಷಿ ಹೇಳುತ್ತಿರುತ್ತಾರೆ.

ಸರಿಪಡಿಸಲು ಹೊರಡುವ ಮೊದಲು ಒಂದನ್ನು ಗೊತ್ತುಮಾಡಿಕೊಳ್ಳಿ: ಆಡಿದ್ದು ಸುಳ್ಳೇ, ಅಥವಾ ಹೇಳಬಾರದಿದ್ದ ನಿಜವೇ? ಎರಡಕ್ಕೂ ಮದ್ದು ಬೇರೆ.

ಸುಳ್ಳಾಗಿದ್ದರೆ, ಯಾರ ಕಿವಿಗೆ ಹಾಕಿದಿರೋ ಅವರಿಗೇ ‘ಅದು ಸುಳ್ಳು’ ಎಂದು ಹೇಳಬೇಕು. ಗುಂಪಿನಲ್ಲಿ ಹಾಕಿದ್ದರೆ ಅದೇ ಗುಂಪಿನಲ್ಲಿ. ಸಂದೇಶ ಅಳಿಸಿಹಾಕಿದರೆ ತಿದ್ದಿದಂತಾಗದು. ಓದಿದವರ ತಲೆಯಿಂದ ಅದು ಅಳಿಯುವುದಿಲ್ಲ, ಮುಂದೆ ಕಳುಹಿಸಿದವರ ಫೋನಿನಿಂದಲೂ ಅಳಿಯುವುದಿಲ್ಲ. ಹೀಗೆ ಬರೆಯಿರಿ: “ಮಂಗಳವಾರ ನಾನು ಸಭೆಯ ಖಜಾಂಚಿಯವರ ಬಗ್ಗೆ ಹಾಕಿದ್ದ ಸಂದೇಶ ಸುಳ್ಳು. ವಿಚಾರಿಸದೆ ಬರೆದೆ. ಮುಂದೆ ಕಳುಹಿಸಿದವರು ದಯವಿಟ್ಟು ಇದನ್ನೂ ಕಳುಹಿಸಿ. ಅವರ ಬಳಿ ಕ್ಷಮೆ ಕೇಳಿದ್ದೇನೆ.” ‘ಯಾರ ಮನಸ್ಸಿಗಾದರೂ ನೋವಾಗಿದ್ದರೆ’ ಎಂಬ ಸಾಲು ಬೇಡ, ನೋವಾದವರು ಯಾರೆಂದು ನಿಮಗೆ ಗೊತ್ತು. ಸುಳ್ಳಿನಿಂದ ಅವರ ಕೆಲಸವೋ ವ್ಯಾಪಾರವೋ ಕೆಟ್ಟಿದ್ದರೆ ಆ ನಷ್ಟ ನೋಟ್‌ಬುಕ್ಕಿನ ಮೂರನೆಯ ಕಾಲಂಗೆ ಬರಬೇಕು.

ಹೇಳಿದ್ದು ನಿಜ, ಆದರೆ ಹೇಳುವ ಅಗತ್ಯವಿರಲಿಲ್ಲ ಎಂದಾದರೆ? ಒಬ್ಬರ ಹಳೆಯ ಜೈಲುವಾಸ, ಮುರಿದ ನಿಶ್ಚಿತಾರ್ಥ, ಮಗನ ಕುಡಿತ. ಈಗ ‘ಅದು ಸುಳ್ಳು’ ಎಂದರೆ ಹೊಸ ಸುಳ್ಳಾಗುತ್ತದೆ. ‘ನಾನು ಅದನ್ನು ಹೇಳಬಾರದಿತ್ತು, ದಯವಿಟ್ಟು ಅಲ್ಲಿಗೇ ಬಿಡಿ’ ಎನ್ನಬಹುದು. ಅವರ ಬಗ್ಗೆ ನಿಮಗೆ ಗೊತ್ತಿರುವ ಒಳ್ಳೆಯ ನಿಜವನ್ನು ಅದೇ ಜನರ ಮುಂದೆ ಹೇಳಬಹುದು. 1529ರ ತನ್ನ ಚಿಕ್ಕ ಪ್ರಶ್ನೋತ್ತರದಲ್ಲಿ ಪ್ರೊಟೆಸ್ಟಂಟ್ ಸುಧಾರಕ ಲೂಥರ್ ಸುಳ್ಳುಸಾಕ್ಷಿಯ ಕಟ್ಟಳೆಗೆ ಕೊಟ್ಟ ವಿವರಣೆ ಇದಕ್ಕೆ ಹೊಂದುತ್ತದೆ: ನೆರೆಯವನ ಪರವಾಗಿ ಮಾತಾಡು, ಅವನು ಮಾಡಿದ್ದಕ್ಕೆಲ್ಲ ಆದಷ್ಟು ಒಳ್ಳೆಯ ಅರ್ಥವನ್ನೇ ಕೊಡು. ಹೀಗೆ ಮಾಡಿದರೂ ಪೂರ್ತಿ ಸರಿಹೋಗುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ಸಂಬಂಧ ವಿಚಾರಿಸಲು ಬಂದಾಗ ಏನು ಮಾಡಬೇಕು ಎಂಬುದು ಪದೇ ಪದೇ ಏಳುವ ಪ್ರಶ್ನೆ. ಹುಡುಗಿಯ ಮನೆಯವರು ಹುಡುಗನ ಬಗ್ಗೆ ಕೇಳುತ್ತಾರೆ. ಅವರ ಮಗಳ ಬದುಕಿಗೆ ನೇರವಾಗಿ ತಟ್ಟುವ ವಿಷಯ, ಅಂದರೆ ಮೊದಲ ಮದುವೆ, ಹೊಡೆಯುವ ಚಾಳಿ, ತಲೆಮೇಲಿನ ಭಾರೀ ಸಾಲ, ತಿಳಿಯುವ ಹಕ್ಕು ಅವರಿಗಿದೆ. ಕಣ್ಣಾರೆ ಕಂಡಿದ್ದನ್ನು ‘ಕಂಡೆ’ ಎಂದು ಹೇಳಿ. ಕೇಳಿದ್ದನ್ನು ‘ಹಾಗಂತಾರೆ’ ಎಂದು ದಾಟಿಸಬೇಡಿ, ‘ಅವರನ್ನೇ ನೇರವಾಗಿ ಕೇಳಿ’ ಎನ್ನಿ. ಹುಡುಗನ ಅಕ್ಕ ಯಾರ ಜೊತೆ ಓಡಾಡುತ್ತಿದ್ದಳು ಎಂಬುದು ಅವರಿಗೆ ಬೇಡದ ವಿಷಯ. ಹುಡುಗನ ಕೆಡುಕು ಗೊತ್ತಿದ್ದೂ ‘ತುಂಬ ಒಳ್ಳೆಯ ಹುಡುಗ’ ಎಂದು ಮುಚ್ಚಿಹಾಕುವುದು ಸುಳ್ಳುಸಾಕ್ಷಿಯೇ, ಅದರ ಬೆಲೆ ತೆರುವವಳು ಆ ಹುಡುಗಿ.

ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ. ಮೌನ ಬೇರೆ, ಸುಳ್ಳು ಬೇರೆ. ಜೀವ ಉಳಿಸಲು ಸುಳ್ಳು ಹೇಳಬಹುದೇ ಎಂಬ ಬಗ್ಗೆ ಕ್ರೈಸ್ತರಲ್ಲಿ ಒಂದೇ ಉತ್ತರವಿಲ್ಲ. ಪ್ರಾಚೀನ ಸಭೆಯ ಧರ್ಮಪಂಡಿತ ಅಗಸ್ಟೀನ್ ಆಗಲೂ ಕೂಡದು ಎಂದ. ಗಂಡುಕೂಸುಗಳನ್ನು ಕೊಲ್ಲದೆ ಈಜಿಪ್ಟಿನ ಅರಸ ಫರೋಹನಿಗೆ ನೆಪ ಹೇಳಿದ ಸೂಲಗಿತ್ತಿಯರಿಗೆ ದೇವರು ಒಳಿತು ಮಾಡಿದ್ದನ್ನು (ವಿಮೋಚನಕಾಂಡ 1:15-21) ಬೇರೆಯವರು ತೋರಿಸುತ್ತಾರೆ. ನಮ್ಮ ದಿನದ ಸುಳ್ಳುಗಳಿಗೆ ಅಂಥ ಬಿಕ್ಕಟ್ಟೇನೂ ಇರುವುದಿಲ್ಲ. ‘ದಾರೀಲಿದ್ದೀನಿ’ ಎಂಬಲ್ಲಿ ‘ಇನ್ನೂ ಹೊರಟಿಲ್ಲ, ಅರ್ಧ ಗಂಟೆ ಆಗುತ್ತೆ’. ‘ನಾಳೆ ಕೊಡ್ತೀನಿ’ ಎಂಬಲ್ಲಿ ‘ಈ ತಿಂಗಳು ಆಗಲ್ಲ, 5ನೇ ತಾರೀಕು ಕೊಡ್ತೀನಿ’. ಫೋನು ಬಂದಾಗ ‘ಅಪ್ಪ ಮನೇಲಿಲ್ಲ ಅಂತ ಹೇಳು’ ಎಂದು ಮಗುವಿನ ಬಾಯಲ್ಲಿ ಹೇಳಿಸುವ ಬದಲು ‘ಅಪ್ಪ ಈಗ ಮಾತಾಡಲ್ಲ, ಆಮೇಲೆ ಮಾಡ್ತಾರೆ’.

ಸಭೆಯ ಹಣ

ಯೇಸುವಿನ ಶಿಷ್ಯ ಇಸ್ಕರಿಯೋತ ಯೂದ ಹಣದ ಚೀಲ ಹೊತ್ತಿದ್ದವನು, ಅದರಿಂದಲೇ ತೆಗೆಯುತ್ತಿದ್ದ (ಯೋಹಾನ 12:6). ಅಪೊಸ್ತಲ ಪೌಲ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಯಾರೂ ಬೆರಳು ತೋರಿಸಬಾರದೆಂದು ತನ್ನ ಜೊತೆಗಾರ ತೀತನ ಜೊತೆ ಸಭೆಗಳ ಪ್ರತಿನಿಧಿಗಳನ್ನೂ ಕಳುಹಿಸಿದ (2 ಕೊರಿಂಥ 8:18-21). ಹಾಗೆಯೇ ಮಾಡಿ. ಕಾಣಿಕೆಯನ್ನು ಆರಾಧನೆ ಮುಗಿದ ಕೂಡಲೇ, ಅದೇ ಜಾಗದಲ್ಲಿ, ಸಂಬಂಧಿಕರಲ್ಲದ ಇಬ್ಬರು ಎಣಿಸಲಿ. 500, 200, 100ರ ನೋಟುಗಳೆಷ್ಟು ಎಂದು ಬಿಡಿಸಿ ಬರೆದು ಇಬ್ಬರೂ ಸಹಿ ಹಾಕಲಿ. ಸೋಮವಾರ ಅಷ್ಟೂ ಬ್ಯಾಂಕಿಗೆ ಹೋಗಲಿ. ಅದರಲ್ಲೇ ತೆಗೆದು ಹೂವಿಗೆ, ಡೀಸೆಲ್‌ಗೆ ಕೊಡುವ ಪದ್ಧತಿ ಬೇಡ, ಲೆಕ್ಕ ತಪ್ಪುವುದು ಅಲ್ಲಿಂದಲೇ. ಛಾವಣಿಗೆಂದು ಕೊಟ್ಟ ಹಣವನ್ನು ಹಬ್ಬದೂಟಕ್ಕೆ ಬಳಸಿದ್ದರೆ ಕೊಟ್ಟವರಿಗೆ ಹೇಳಿ, ಛಾವಣಿಯ ಖಾತೆಗೆ ವಾಪಸು ಹಾಕಿ.

ಮಗು ಯಾರದೋ ರಬ್ಬರ್ ತಂದಾಗ

ಚೀಲದಲ್ಲಿ ರಬ್ಬರ್ ಕಂಡಿದ್ದೀರಿ, ಅದು ನಿಮ್ಮ ಮನೆಯದಲ್ಲ. ‘ಇದನ್ನ ನೀನು ಕದ್ಯಾ?’ ಎಂದು ಕೇಳಬೇಡಿ. ಉತ್ತರ ಗೊತ್ತಿರುವ ಪ್ರಶ್ನೆ ಕೇಳಿದರೆ ಹೆದರಿದ ಮಗು ‘ಇಲ್ಲ’ ಎನ್ನುತ್ತದೆ, ಒಂದು ತಪ್ಪು ಎರಡಾಗುತ್ತದೆ. “ಈ ರಬ್ಬರ್ ನಮ್ಮದಲ್ಲ ಕಂದಾ. ನಾಳೆ ಬೆಳಿಗ್ಗೆ ಇಬ್ಬರೂ ಹೋಗಿ ಕೊಟ್ಟು ಬರೋಣ” ಎನ್ನಿ. ಬೆಳಿಗ್ಗೆ ಕೊಡುವ ಕೈ ಮಗುವಿನದೇ ಆಗಿರಲಿ, ನೀವು ಎರಡು ಹೆಜ್ಜೆ ಹಿಂದೆ ನಿಲ್ಲಿ. ತರಗತಿಯ ಮುಂದೆ ನಿಲ್ಲಿಸಿ ಹೇಳಿಸಬೇಡಿ, ಆ ಮಗುವಿನ ಹೆಸರೂ ಹೋಗಬಾರದು. ರಬ್ಬರ್ ಸವೆದುಹೋಗಿದ್ದರೆ ಮಗು ಕೂಡಿಟ್ಟ ದುಡ್ಡಿನಲ್ಲೇ ಹೊಸದು ಕೊಳ್ಳಿ. ಮನೆಗೆ ಬಂದ ಮೇಲೆ ಅಜ್ಜಿಗೆ, ಚಿಕ್ಕಪ್ಪನಿಗೆ ಅದನ್ನು ಹೇಳುತ್ತ ಕೂರಬೇಡಿ.